ವರ್ಚುವಲ್ ಯಂತ್ರಗಳ ದೂರ ಕನ್ಸೋಲ್: ಮೌಸ್ ಸೂಚಕ ಮತ್ತು ಪರದೆಯ ದೋಷಗಳು

ವರ್ಚುವಲ್ ಯಂತ್ರದ ದೂರ ಕನ್ಸೋಲ್ ಎಂದರೆ, ಒಂದು ಗಣಕದೊಳಗೆ ತಂತ್ರಾಂಶದ ರೂಪದಲ್ಲಿ ನಡೆಯುವ ಇನ್ನೊಂದು ಗಣಕದ ಪರದೆ, ಕೀಲಿಮಣೆ ಮತ್ತು ಮೌಸ್‌ಗಳನ್ನು ಜಾಲದ ಮೂಲಕ ಬೇರೊಂದು ಸ್ಥಳದಿಂದ ಬಳಸಲು ಅನುವು ಮಾಡಿಕೊಡುವ ಕಿಟಕಿ. ಈ ಕಿಟಕಿಯಲ್ಲಿ ಪದೇ ಪದೇ ಕಾಣಿಸಿಕೊಳ್ಳುವ ತೊಂದರೆಗಳು ಎರಡು ಬಗೆಯವು. ಎರಡು ಸೂಚಕಗಳು ಕಾಣುವುದು, ಒಂದು ಇನ್ನೊಂದರಿಂದ ದೂರ ಸರಿಯುವುದು, ಸೂಚಕವು ಪರದೆಯ ಅಂಚನ್ನು ತಲುಪದಿರುವುದು, ಮೌಸ್ ಕಿಟಕಿಯೊಳಗೆ ಸಿಕ್ಕಿಕೊಂಡು ಹೊರಬಾರದಿರುವುದು ಮೊದಲನೆಯ ಬಗೆಗೆ ಸೇರುತ್ತವೆ. ಕಪ್ಪು ಪರದೆ, ಹೆಚ್ಚಿಸಲಾಗದ ರೆಸಲ್ಯೂಶನ್, ಕಿಟಕಿಗೆ ಹೊಂದದ ಚಿತ್ರ ಮುಂತಾದವು ಎರಡನೆಯ ಬಗೆಯವು.

ದಿನನಿತ್ಯದ ಕೆಲಸಕ್ಕೆ ಕನ್ಸೋಲನ್ನು ಯಾರೂ ಹೆಚ್ಚಾಗಿ ಬಳಸುವುದಿಲ್ಲ. ಲಿನಕ್ಸ್ ಯಂತ್ರಗಳಿಗೆ ಎಸ್‌ಎಸ್‌ಎಚ್, ವಿಂಡೋಸ್ ಯಂತ್ರಗಳಿಗೆ ರಿಮೋಟ್ ಡೆಸ್ಕ್‌ಟಾಪ್ ಸಾಕಾಗುತ್ತದೆ. ಆದರೆ ಅವೆರಡೂ ಯಂತ್ರದೊಳಗಿನ ಜಾಲ ಸಂಪರ್ಕವನ್ನು ಅವಲಂಬಿಸಿವೆ. ಜಾಲದ ವಿಳಾಸ ತಪ್ಪಾದಾಗ, ಫೈರ್‌ವಾಲ್ ತನ್ನ ಒಡೆಯನನ್ನೇ ಹೊರಗಿಟ್ಟಾಗ, ಯಂತ್ರ ಅರ್ಧಕ್ಕೆ ಬೂಟ್ ಆಗಿ ನಿಂತಾಗ ಅಥವಾ ಕಾರ್ಯಾಚರಣ ವ್ಯವಸ್ಥೆಯನ್ನು ಮೊದಲ ಬಾರಿಗೆ ಸ್ಥಾಪಿಸುವಾಗ ಕನ್ಸೋಲ್ ಒಂದೇ ಉಳಿದಿರುವ ಬಾಗಿಲು. ಡಿಸ್ಕ್ ವಿಭಜನೆಯಂತಹ ಹಿಂದಿರುಗಿಸಲಾಗದ ಕೆಲಸ ನಡೆಯುವುದೂ ಇಲ್ಲಿಯೇ. ಕಾಣುವ ಸೂಚಕ ಒಂದು ಗುಂಡಿಯ ಮೇಲಿದ್ದು ಕ್ಲಿಕ್ ಪಕ್ಕದ ಗುಂಡಿಯ ಮೇಲೆ ಬಿದ್ದರೆ ಅಳಿಸಬಾರದ ವಿಭಾಗ ಅಳಿಸಿಹೋಗಬಹುದು. ಆದ್ದರಿಂದ ಈ ದೋಷಗಳನ್ನು ಕೇವಲ ಕಿರಿಕಿರಿ ಎಂದು ಬದಿಗಿಡುವಂತಿಲ್ಲ.

ಹಿನ್ನೆಲೆ

ಐಬಿಎಂ ಸಂಸ್ಥೆಯು 1987ರಲ್ಲಿ ಹೊರತಂದ ಪಿಎಸ್/2 ಗಣಕಗಳೊಂದಿಗೆ ಬಂದ ಮೌಸನ್ನು ಹಲವು ಎಮ್ಯುಲೇಟರ್‌ಗಳು ಇಂದಿಗೂ ಅನುಕರಿಸುತ್ತವೆ. ಹಳೆಯದು, ಸರಳವಾದುದು ಮತ್ತು ಬಹುತೇಕ ಕಾರ್ಯಾಚರಣ ವ್ಯವಸ್ಥೆಗಳು ಹೆಚ್ಚುವರಿ ಚಾಲಕ ತಂತ್ರಾಂಶವಿಲ್ಲದೆಯೇ ಗುರುತಿಸುವಂತಹುದು ಎಂಬುದೇ ಇದಕ್ಕೆ ಕಾರಣ. ಈ ಮೌಸ್‌ಗೆ ಪರದೆಯೆಂಬುದೊಂದು ಇದೆ ಎನ್ನುವುದೇ ತಿಳಿಯದು. ಹಿಂದಿನ ಕ್ಷಣಕ್ಕಿಂತ ಎಷ್ಟು ಬಲಕ್ಕೆ, ಎಷ್ಟು ಮೇಲಕ್ಕೆ ಸರಿಯಿತು ಎಂಬುದನ್ನಷ್ಟೇ ಅದು 3 ಬೈಟ್‌ಗಳ ಪುಟ್ಟ ಸಂದೇಶದಲ್ಲಿ ತಿಳಿಸುತ್ತದೆ. ಇದನ್ನು ಸಾಪೇಕ್ಷ ಚಲನೆ ಎನ್ನುತ್ತಾರೆ. ಮೇಜಿನ ಮೇಲಿನ ನಿಜವಾದ ಮೌಸ್‌ನಲ್ಲಿ ಇದರಿಂದ ತೊಂದರೆಯಿಲ್ಲ. ಕೈಯು ಎಷ್ಟು ಸರಿಯಿತೆಂದು ಬಳಕೆದಾರ ಲೆಕ್ಕ ಇಡುವುದಿಲ್ಲ. ಪರದೆಯ ಸೂಚಕವನ್ನು ನೋಡುತ್ತಾ ಕೈಯನ್ನು ತಿದ್ದಿಕೊಳ್ಳುತ್ತಾನೆ.

ದೂರ ಕನ್ಸೋಲ್‌ಗಳ ಬುನಾದಿ ಬೇರೆ. ಇಂಗ್ಲೆಂಡಿನ ಕೇಂಬ್ರಿಡ್ಜ್‌ನ ಒಲಿವೆಟ್ಟಿ ಸಂಶೋಧನಾಲಯದಲ್ಲಿ 1990ರ ದಶಕದಲ್ಲಿ ರೂಪುಗೊಂಡ ವಿಎನ್‌ಸಿ ಎಂಬ ವ್ಯವಸ್ಥೆ ಇಂದಿಗೂ ಅನೇಕ ಕನ್ಸೋಲ್‌ಗಳ ಒಳಗಿದೆ. ಅದರ ಸಂವಹನ ನಿಯಮವಾದ ಆರ್‌ಎಫ್‌ಬಿ 2011ರಲ್ಲಿ ಆರ್‌ಎಫ್‌ಸಿ 6143 ಎಂಬ ದಾಖಲೆಯಾಗಿ ಪ್ರಕಟವಾಯಿತು. ಅದರಲ್ಲಿ ಮೌಸ್‌ನ ಪ್ರತಿ ಸಂದೇಶವೂ 6 ಬೈಟ್‌ಗಳದು: ಸಂದೇಶದ ಬಗೆಗೆ 1, ಗುಂಡಿಗಳ ಸ್ಥಿತಿಗೆ 1, ಅಡ್ಡ ಸ್ಥಾನಕ್ಕೆ 2, ಲಂಬ ಸ್ಥಾನಕ್ಕೆ 2. ಅಂದರೆ ಸೂಚಕ ಎಷ್ಟು ಸರಿಯಿತು ಎಂಬುದಲ್ಲ, ಈಗ ಎಲ್ಲಿದೆ ಎಂಬುದನ್ನೇ ಇದು ಹೇಳುತ್ತದೆ. ಇದು ನಿರಪೇಕ್ಷ ಸ್ಥಾನ.

ಈ ಎರಡು ಪದ್ಧತಿಗಳು ಎದುರುಬದುರಾಗುವ ಜಾಗದಲ್ಲಿ ದೋಷ ಹುಟ್ಟುತ್ತದೆ. ವಿಎನ್‌ಸಿಯಿಂದ ಬಂದ ಸ್ಥಾನವನ್ನು ಪಿಎಸ್/2 ಮೌಸ್‌ಗೆ ಒಪ್ಪಿಸಬೇಕಾದರೆ ಎಮ್ಯುಲೇಟರ್ ಹಿಂದಿನ ಸ್ಥಾನವನ್ನು ಕಳೆದು ವ್ಯತ್ಯಾಸವನ್ನಷ್ಟೇ ಕಳುಹಿಸಬೇಕು. ಸೂಚಕ 400ರಿಂದ 420ಕ್ಕೆ ಹೋದರೆ ಅತಿಥಿ ವ್ಯವಸ್ಥೆಗೆ ಹೋಗುವ ಸಂದೇಶ 20 ಎಂದು. ಆದರೆ ಅತಿಥಿ ವ್ಯವಸ್ಥೆಯು ಅದನ್ನು ಇದ್ದಂತೆಯೇ ಒಪ್ಪುವುದಿಲ್ಲ. ಕೈ ವೇಗವಾಗಿ ಚಲಿಸಿದಾಗ ಸೂಚಕವನ್ನು ಇನ್ನಷ್ಟು ದೂರ ಒಯ್ಯುವ ವೇಗವರ್ಧನೆ ಎಂಬ ಸೌಲಭ್ಯ ಬಹುತೇಕ ಎಲ್ಲ ವ್ಯವಸ್ಥೆಗಳಲ್ಲಿಯೂ ಇದೆ. ಅದು 20ನ್ನು 35 ಮಾಡಿತೆನ್ನೋಣ. ಆಗ ಆತಿಥೇಯ ಗಣಕದ ಸೂಚಕ 420ರಲ್ಲಿದ್ದರೆ ಅತಿಥಿಯ ಸೂಚಕ 435ರಲ್ಲಿರುತ್ತದೆ. ಮುಂದಿನ ಚಲನೆಯಲ್ಲಿ ಅಂತರ ಮತ್ತೆ ಬದಲಾಗುತ್ತದೆ. ವಿಂಡೋಸ್ ಅತಿಥಿಯಲ್ಲಿ ಸೂಚಕ ಮುಂದೆ ಓಡುವುದು, ವೇಗವಾಗಿ ಸರಿಸಿದಾಗ ಮಾತ್ರ ಅಂತರ ಹೆಚ್ಚುವುದು, ನಿಧಾನವಾಗಿ ಸರಿಸಿದರೆ ಸರಿಯಿರುವಂತೆ ತೋರುವುದು ಇದರಿಂದಲೇ.

ಲಕ್ಷಣದಿಂದ ಕಾರಣವನ್ನು ಗುರುತಿಸುವುದು

ಎರಡು ಸೂಚಕಗಳ ನಡುವಿನ ಅಂತರ ಹೇಗೆ ಬದಲಾಗುತ್ತದೆ ಎಂಬುದನ್ನು ಗಮನಿಸಿದರೆ ಕಾರಣ ಬಹುಮಟ್ಟಿಗೆ ತಿಳಿದುಬಿಡುತ್ತದೆ. ಹಲವು ಮಾರ್ಗದರ್ಶಿಗಳು ಈ ಹೆಜ್ಜೆಯನ್ನು ಬಿಟ್ಟು ನೇರವಾಗಿ ಪರಿಹಾರಗಳ ಪಟ್ಟಿಗೆ ಹೋಗುತ್ತವೆ. ಹಾಗಾಗಿ ಓದುಗರು ಸಂಬಂಧವಿಲ್ಲದ ಚಾಲಕಗಳನ್ನು ಸ್ಥಾಪಿಸುತ್ತಾ ಕಾಲ ಕಳೆಯುವುದುಂಟು.

ಅಂತರವು ಚಲನೆಯ ವೇಗಕ್ಕೆ ತಕ್ಕಂತೆ ಬದಲಾಗುತ್ತಿದ್ದು, ಸೂಚಕವನ್ನು ಒಂದು ಮೂಲೆಗೆ ಒತ್ತಿಹಿಡಿದಾಗ ತಾತ್ಕಾಲಿಕವಾಗಿ ಸರಿಹೋಗುತ್ತಿದ್ದರೆ ಅದು ಸಾಪೇಕ್ಷ ಚಲನೆಯ ದೋಷ. ಮೂಲೆಯಲ್ಲಿ ಎರಡೂ ಸೂಚಕಗಳು ಗೋಡೆಗೆ ತಾಗಿ ನಿಲ್ಲುವುದರಿಂದ ಸ್ವಲ್ಪ ಹೊತ್ತು ಒಂದಾಗುತ್ತವೆ, ಮತ್ತೆ ಬೇರೆಯಾಗುತ್ತವೆ.

ವೇಗ ಹೇಗಿದ್ದರೂ ಒಂದೇ ಜಾಗದಲ್ಲಿ ಒಂದೇ ಅಂತರವಿದ್ದು, ಅದು ಎಡಮೇಲಿನ ಮೂಲೆಯಲ್ಲಿ ಶೂನ್ಯವಾಗಿ ಬಲಕ್ಕೂ ಕೆಳಕ್ಕೂ ಹೋದಂತೆ ಬೆಳೆಯುತ್ತಿದ್ದರೆ ಅಳತೆಯ ಪ್ರಮಾಣ ತಪ್ಪಿದೆ ಎಂದರ್ಥ. 1280 ಪಿಕ್ಸೆಲ್ ಅಗಲದ ಅತಿಥಿ ಪರದೆಯನ್ನು 1024 ಪಿಕ್ಸೆಲ್ ಅಗಲದ ಕಿಟಕಿಗೆ ಕುಗ್ಗಿಸಿ ತೋರಿಸುವ ಕನ್ಸೋಲ್, ಕ್ಲಿಕ್ಕಿನ ಸ್ಥಾನವನ್ನು ಮರಳಿ ಹಿಗ್ಗಿಸಲು ಮರೆತಿದೆ ಎಂದುಕೊಳ್ಳಬಹುದು. ಆಗ ಕಿಟಕಿಯ 80ನೇ ಪಿಕ್ಸೆಲ್‌ನಲ್ಲಿ ತಪ್ಪು ಕೇವಲ 20 ಪಿಕ್ಸೆಲ್. 800ನೇ ಪಿಕ್ಸೆಲ್‌ನಲ್ಲಿ ಅದು 200 ಆಗಿರುತ್ತದೆ. ಕನ್ಸೋಲ್‌ನ ಹಿಗ್ಗಿಸುವಿಕೆಯನ್ನು ನಿಲ್ಲಿಸಿ ಚಿತ್ರವನ್ನು ಮೂಲ ಗಾತ್ರದಲ್ಲಿ ನೋಡುವುದು, ಬ್ರೌಸರ್‌ನ ಜೂಮ್ 100 ಪ್ರತಿಶತಕ್ಕೆ ತರುವುದು, ಆತಿಥೇಯ ಗಣಕದ ಪರದೆ ಪ್ರಮಾಣವನ್ನು ಪರೀಕ್ಷಿಸುವುದು ಇಲ್ಲಿ ಮೊದಲ ಕೆಲಸ.

ಎಲ್ಲ ಕಡೆಯೂ ಕೆಲವೇ ಪಿಕ್ಸೆಲ್‌ಗಳ ಸ್ಥಿರ ಅಂತರವಿದ್ದರೆ ದೋಷವಿರುವುದು ಸೂಚಕದ ಚಿತ್ರದಲ್ಲಿ. ಬಾಣದ ಚಿತ್ರದಲ್ಲಿ ಕ್ಲಿಕ್ ಬೀಳಬೇಕಾದ ಬಿಂದು ಅದರ ತುದಿ. ಅಕ್ಷರಗಳ ನಡುವೆ ಕಾಣುವ ಕಂಬದಾಕಾರದ ಸೂಚಕದಲ್ಲಿ ಅದರ ಮಧ್ಯ. ಹಾಟ್‌ಸ್ಪಾಟ್ ಎಂದು ಕರೆಯುವ ಈ ಬಿಂದುವಿನ ಮಾಹಿತಿ ಅತಿಥಿಯಿಂದ ಕನ್ಸೋಲ್‌ಗೆ ತಲುಪದಿದ್ದರೆ ಚಿತ್ರವನ್ನು ತಪ್ಪು ಜಾಗದಲ್ಲಿ ಬಿಡಿಸಲಾಗುತ್ತದೆ. ವೇಲ್ಯಾಂಡ್ ಆಧಾರಿತ ಲಿನಕ್ಸ್ ಡೆಸ್ಕ್‌ಟಾಪ್‌ಗಳನ್ನು ವರ್ಚುವಲ್ ಯಂತ್ರಗಳಲ್ಲಿ ನಡೆಸುವಾಗ ಇದು ಕಂಡುಬಂದಿದೆ. ಯಂತ್ರಾಂಶ ಸೂಚಕವನ್ನು ನಿಷ್ಕ್ರಿಯಗೊಳಿಸಿ ಸೂಚಕವನ್ನು ತಂತ್ರಾಂಶದಿಂದಲೇ ಬಿಡಿಸುವಂತೆ ಮಾಡಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಅತಿಥಿಗೆ ಎರಡು ಪರದೆಗಳನ್ನು ಕೊಟ್ಟಾಗ ಇನ್ನೊಂದು ವಿಚಿತ್ರ ಲಕ್ಷಣ ಕಾಣುತ್ತದೆ: ಸೂಚಕವು ಕೈಗಿಂತ ಎರಡರಷ್ಟು ದೂರ ಹೋಗಿ, ಮೊದಲ ಪರದೆಯ ನಡುವಿನಿಂದ ಎರಡನೆಯ ಪರದೆಗೆ ಜಿಗಿಯುತ್ತದೆ. ಒಂದೇ ಪರದೆಗೆ ಸೇರಿದ ನಿರಪೇಕ್ಷ ಸ್ಥಾನವನ್ನು ಅತಿಥಿಯು ಎರಡೂ ಪರದೆಗಳ ಒಟ್ಟು ಅಗಲಕ್ಕೆ ಹರಡಿದ್ದರಿಂದ ಹೀಗಾಗುತ್ತದೆ. ಹೆಚ್ಚುವರಿ ಪರದೆಯನ್ನು ತೆಗೆಯುವುದೇ ಸುಲಭದ ದಾರಿ.

ನಿರಪೇಕ್ಷ ಸಾಧನವನ್ನು ಅಳವಡಿಸುವುದು

ಸಾಪೇಕ್ಷ ಚಲನೆಯ ದೋಷಕ್ಕೆ ಸರಿಯಾದ ಪರಿಹಾರ ಒಂದೇ: ಅತಿಥಿಗೆ ಮೌಸ್‌ನ ಬದಲು ಚಿತ್ರಕಾರರು ಬಳಸುವ ಗ್ರಾಫಿಕ್ಸ್ ಟ್ಯಾಬ್ಲೆಟ್‌ನಂತಹ ಸಾಧನವನ್ನು ತೋರಿಸುವುದು. ಟ್ಯಾಬ್ಲೆಟ್ ತನ್ನ ಹಲಗೆಯ ಮೇಲೆ ಪೆನ್ನು ಎಲ್ಲಿದೆ ಎಂಬುದನ್ನು ನೇರವಾಗಿ ಹೇಳುತ್ತದೆ. ಅಲ್ಲಿ ವೇಗವರ್ಧನೆಗೆ ಎಡೆಯಿಲ್ಲ. ಫ್ಯಾಬ್ರಿಸ್ ಬೆಲ್ಲಾರ್ಡ್ ಅವರು 2003ರಲ್ಲಿ ಆರಂಭಿಸಿದ ಕ್ಯೂಇಎಂಯು ಎಮ್ಯುಲೇಟರ್‌ನಲ್ಲಿ ಇದಕ್ಕಾಗಿಯೇ ಯುಎಸ್‌ಬಿ ಟ್ಯಾಬ್ಲೆಟ್ ಎಂಬ ಸಾಧನವಿದೆ. ಅದು ಎರಡೂ ದಿಕ್ಕುಗಳನ್ನು 0ಯಿಂದ 32767ರವರೆಗಿನ ಸಂಖ್ಯೆಗಳಾಗಿ ವಿಭಾಗಿಸುತ್ತದೆ. ಪರದೆಯ ರೆಸಲ್ಯೂಶನ್ ಎಷ್ಟೇ ಇದ್ದರೂ ಸರಿಮಧ್ಯದ ಬಿಂದು ಸುಮಾರು 16384 ಆಗಿರುತ್ತದೆ, ಅತಿಥಿಯು ಅದನ್ನು ತನ್ನ ಪಿಕ್ಸೆಲ್‌ಗೆ ಪರಿವರ್ತಿಸಿಕೊಳ್ಳುತ್ತದೆ.

ಕೆವಿಎಂ ಬಳಸುವ ವ್ಯವಸ್ಥೆಗಳು ಕ್ಯೂಇಎಂಯುವನ್ನೇ ಅವಲಂಬಿಸಿರುವುದರಿಂದ ಅಲ್ಲಿಯೂ ಇದೇ ಸಾಧನ ದೊರೆಯುತ್ತದೆ. ಲಿಬ್‌ವರ್ಟ್‌ನ ಸಂರಚನೆಯಲ್ಲಿ ಇನ್‌ಪುಟ್ ಸಾಧನದ ಬಗೆಯನ್ನು ಟ್ಯಾಬ್ಲೆಟ್ ಎಂದೂ ಬಸ್ಸನ್ನು ಯುಎಸ್‌ಬಿ ಎಂದೂ ನಮೂದಿಸಬೇಕು. ಜೆನ್‌ನ ಪೂರ್ಣ ವರ್ಚುವಲೀಕರಣದ ಯಂತ್ರಗಳಲ್ಲಿ ಸಂರಚನಾ ಕಡತದ ಯುಎಸ್‌ಬಿ ಸಾಧನದ ಸಾಲಿನಲ್ಲಿ ಟ್ಯಾಬ್ಲೆಟ್ ಎಂದು ಬರೆಯಲಾಗುತ್ತದೆ. ಪ್ರಾಕ್ಸ್‌ಮಾಕ್ಸ್‌ನಲ್ಲಿ ಈ ಆಯ್ಕೆ ಮೊದಲಿನಿಂದಲೇ ಸಕ್ರಿಯವಾಗಿರುತ್ತದೆ. ಆದರೆ ಪಠ್ಯ ಕನ್ಸೋಲ್ ಮಾತ್ರವಿರುವ ಅನೇಕ ಅತಿಥಿಗಳನ್ನು ಒಂದೇ ಆತಿಥೇಯದಲ್ಲಿ ನಡೆಸುವವರು ಪ್ರೊಸೆಸರ್‌ನ ಅನಗತ್ಯ ಹೊರೆ ತಗ್ಗಿಸಲು ಅದನ್ನು ತೆಗೆಯಬಹುದೆಂದು ಅದರ ದಾಖಲೆಗಳೇ ಸೂಚಿಸುತ್ತವೆ. ಹೊರೆ ತಗ್ಗಿಸಲೆಂದು ಯಾವಾಗಲೋ ತೆಗೆದು, ಬಳಿಕ ಅದೇ ಅತಿಥಿಯಲ್ಲಿ ಡೆಸ್ಕ್‌ಟಾಪ್ ಸ್ಥಾಪಿಸಿದಾಗ ಸೂಚಕ ತಪ್ಪುವ ಸಂಭವವಿದೆ.

ಸಾಧನವನ್ನು ಸೇರಿಸಿದ ಮೇಲೂ ಏನೂ ಬದಲಾಗಲಿಲ್ಲವೆಂಬ ದೂರು ಸಾಮಾನ್ಯ. ಅತಿಥಿಯ ಒಳಗಿನಿಂದ ರೀಬೂಟ್ ಮಾಡಿದರೆ ಕ್ಯೂಇಎಂಯು ಪ್ರಕ್ರಿಯೆ ಮುಗಿಯುವುದಿಲ್ಲ. ಹಳೆಯ ಸಾಧನಗಳ ಪಟ್ಟಿಯೇ ಮುಂದುವರಿಯುತ್ತದೆ. ಯಂತ್ರವನ್ನು ಪೂರ್ತಿಯಾಗಿ ಸ್ಥಗಿತಗೊಳಿಸಿ ಆತಿಥೇಯದ ಕಡೆಯಿಂದ ಮತ್ತೆ ಆರಂಭಿಸಬೇಕು. ಕ್ಯೂಇಎಂಯುವಿನ ಮಾನಿಟರ್ ಕನ್ಸೋಲ್‌ನಲ್ಲಿ ‘ಇನ್ಫೋ ಮೈಸ್’ ಎಂಬ ಆದೇಶ ನೀಡಿದರೆ ಇರುವ ಸಾಧನಗಳೆಲ್ಲ ಪಟ್ಟಿಯಾಗುತ್ತವೆ, ಸದ್ಯ ಬಳಕೆಯಲ್ಲಿರುವುದರ ಮುಂದೆ ನಕ್ಷತ್ರ ಚಿಹ್ನೆ ಇರುತ್ತದೆ. ಟ್ಯಾಬ್ಲೆಟ್ ಪಟ್ಟಿಯಲ್ಲಿದ್ದರೂ ನಕ್ಷತ್ರ ಪಿಎಸ್/2 ಮೌಸ್‌ನ ಮುಂದಿದ್ದರೆ, ಅತಿಥಿಯು ಯುಎಸ್‌ಬಿ ಚಾಲಕವನ್ನು ಇನ್ನೂ ಚಾಲನೆ ಮಾಡಿಲ್ಲ ಎಂದು ತಿಳಿಯಬಹುದು. ಬೂಟ್‌ನ ಆರಂಭದ ಹಂತದಲ್ಲಿ ಸೂಚಕ ತಪ್ಪಿದ್ದು ಡೆಸ್ಕ್‌ಟಾಪ್ ಬಂದ ಮೇಲೆ ಸರಿಹೋಗುವುದೂ ಇದೇ ಕಾರಣಕ್ಕೆ.

ವರ್ಚುವಲ್‌ಬಾಕ್ಸ್‌ನಲ್ಲಿ ಪಾಯಿಂಟಿಂಗ್ ಸಾಧನವಾಗಿ ಪಿಎಸ್/2 ಮೌಸ್ ಅಥವಾ ಯುಎಸ್‌ಬಿ ಟ್ಯಾಬ್ಲೆಟ್ ಆರಿಸಬಹುದು. ಇದಲ್ಲದೆ ಗೆಸ್ಟ್ ಅಡಿಷನ್ಸ್ ಎಂಬ ಪೂರಕ ತಂತ್ರಾಂಶವನ್ನು ಅತಿಥಿಯೊಳಗೆ ಸ್ಥಾಪಿಸಿದಾಗ ಸೂಚಕ ಕಿಟಕಿಯ ಒಳಕ್ಕೂ ಹೊರಕ್ಕೂ ತಡೆಯಿಲ್ಲದೆ ಓಡಾಡುತ್ತದೆ. ವಿಎಂವೇರ್ ಉತ್ಪನ್ನಗಳಲ್ಲಿ ವಿಎಂವೇರ್ ಟೂಲ್ಸ್, ಲಿನಕ್ಸ್ ಅತಿಥಿಗಳಲ್ಲಿ ಅದರ ಮುಕ್ತ ರೂಪವಾದ ಓಪನ್ ವಿಎಂ ಟೂಲ್ಸ್ ಈ ಕೆಲಸ ಮಾಡುತ್ತವೆ. ಹೈಪರ್-ವಿಯ ಹಳೆಯ ಅತಿಥಿಗಳಲ್ಲಿ ಇಂಟಿಗ್ರೇಷನ್ ಸರ್ವಿಸಸ್ ಇಲ್ಲದಿದ್ದರೆ, ರಿಮೋಟ್ ಡೆಸ್ಕ್‌ಟಾಪ್ ಮೂಲಕ ಆತಿಥೇಯಕ್ಕೆ ಬಂದು ಅಲ್ಲಿಂದ ಕನ್ಸೋಲ್ ತೆರೆದವರಿಗೆ ಮೌಸ್ ಸಿಗುವುದೇ ಇಲ್ಲ. ಪೂರಕವನ್ನು ಸ್ಥಾಪಿಸುವ ಕೆಲಸವನ್ನು ಕೀಲಿಮಣೆಯಿಂದಲೇ ಮುಗಿಸಬೇಕಾಗುತ್ತದೆ. ಇತ್ತೀಚಿನ ವಿಂಡೋಸ್ ಮತ್ತು ಲಿನಕ್ಸ್‌ಗಳಲ್ಲಿ ಈ ಚಾಲಕಗಳು ಒಳಗೇ ಸೇರಿರುವುದರಿಂದ ತೊಂದರೆ ಬಹಳಷ್ಟು ಕಡಿಮೆಯಾಗಿದೆ.

ಸ್ಪೈಸ್ ಎಂಬ ಕನ್ಸೋಲ್ ವ್ಯವಸ್ಥೆಯನ್ನು ಕ್ಯೂಮ್ರಾನೆಟ್ ಸಂಸ್ಥೆ ರೂಪಿಸಿತು. 2008ರಲ್ಲಿ ಆ ಸಂಸ್ಥೆಯನ್ನು ಕೊಂಡ ರೆಡ್ ಹ್ಯಾಟ್ 2009ರಲ್ಲಿ ಅದರ ಮೂಲ ಸಂಕೇತವನ್ನು ಮುಕ್ತಗೊಳಿಸಿತು. ಅದರಲ್ಲಿ ಸರ್ವರ್ ವಿಧಾನ ಮತ್ತು ಕ್ಲೈಂಟ್ ವಿಧಾನ ಎಂಬ ಎರಡು ಮೌಸ್ ವಿಧಾನಗಳಿವೆ. ಸರ್ವರ್ ವಿಧಾನದಲ್ಲಿ ಚಲನೆ ಸಾಪೇಕ್ಷವಾಗಿದ್ದು ಮೌಸ್ ಕಿಟಕಿಯೊಳಗೆ ಸೆರೆಯಾಗುತ್ತದೆ. ಕ್ಲೈಂಟ್ ವಿಧಾನದಲ್ಲಿ ಸ್ಥಾನ ನಿರಪೇಕ್ಷ. ಅತಿಥಿಯೊಳಗಿನ ಸ್ಪೈಸ್ ಏಜೆಂಟ್ ಅಥವಾ ಟ್ಯಾಬ್ಲೆಟ್ ಸಾಧನ ಇದ್ದಾಗ ಎರಡನೆಯ ವಿಧಾನ ಜಾರಿಯಾಗುತ್ತದೆ. ದೂರದ ನಿಧಾನ ಸಂಪರ್ಕಗಳಲ್ಲಿ ಇದರ ಗುಣ ಚೆನ್ನಾಗಿ ತಿಳಿಯುತ್ತದೆ, ಏಕೆಂದರೆ ಸೂಚಕವನ್ನು ಬಳಕೆದಾರನ ಗಣಕವೇ ಬಿಡಿಸುವುದರಿಂದ ಅದು ಕೈಯ ಹಿಂದೆ ತಡವಾಗಿ ಬರುವುದಿಲ್ಲ.

ಟ್ಯಾಬ್ಲೆಟ್ ಅಳವಡಿಸಲಾಗದಿದ್ದರೆ

ಬಾಡಿಗೆಗೆ ಪಡೆದ ವರ್ಚುವಲ್ ಯಂತ್ರಗಳಲ್ಲಿ ಸಾಧನಗಳ ಸಂರಚನೆ ಬಳಕೆದಾರನ ಕೈಯಲ್ಲಿರುವುದಿಲ್ಲ. ಅಂತಹ ಕಡೆ ಉಳಿಯುವ ದಾರಿ ಅತಿಥಿಯೊಳಗಿನ ವೇಗವರ್ಧನೆಯನ್ನು ನಿಲ್ಲಿಸುವುದು. ವಿಂಡೋಸ್‌ನ ಮೌಸ್ ಗುಣಲಕ್ಷಣಗಳಲ್ಲಿ ಪಾಯಿಂಟರ್ ಆಯ್ಕೆಗಳ ಪುಟಕ್ಕೆ ಹೋಗಿ, ಸೂಚಕದ ನಿಖರತೆಯನ್ನು ಹೆಚ್ಚಿಸುವ ಆಯ್ಕೆಯ ಗುರುತನ್ನು ತೆಗೆದು, ವೇಗದ ಜಾರುಗುಂಡಿಯನ್ನು ನಡುವಿನ ಗುರುತಿನಲ್ಲಿ ಇಟ್ಟರೆ ಒಂದು ಎಣಿಕೆಗೆ ಒಂದು ಪಿಕ್ಸೆಲ್ ಎಂಬ ಅನುಪಾತ ದೊರೆಯುತ್ತದೆ. ಲಿನಕ್ಸ್‌ನ ಹಳೆಯ ಎಕ್ಸ್ ವಿಂಡೋ ವ್ಯವಸ್ಥೆಯಲ್ಲಿ ಎಕ್ಸ್‌ಸೆಟ್ ಆದೇಶದಿಂದ ಮೌಸ್ ವೇಗವರ್ಧನೆಯನ್ನು 0 ಮಾಡಬಹುದು. ಲಿಬ್‌ಇನ್‌ಪುಟ್ ಬಳಸುವ ಹೊಸ ಡೆಸ್ಕ್‌ಟಾಪ್‌ಗಳಲ್ಲಿ ಫ್ಲ್ಯಾಟ್ ಎಂಬ ವೇಗವರ್ಧನಾ ವಿನ್ಯಾಸವನ್ನು ಆರಿಸಬೇಕು. ಇದು ಪೂರ್ಣ ಪರಿಹಾರವಲ್ಲ. ಸಂದೇಶಗಳ ನಡುವೆ ಒಂದು ಕಳೆದುಹೋದರೂ ಸೂಚಕಗಳು ಮತ್ತೆ ಬೇರೆಯಾಗುತ್ತವೆ, ಆಗ ಮೂಲೆಗೆ ಒತ್ತಿ ಹೊಂದಿಸಿಕೊಳ್ಳಬೇಕು.

ಭೌತಿಕ ಸರ್ವರ್‌ಗಳ ತಾಯಿಹಲಗೆಯಲ್ಲಿರುವ ದೂರನಿರ್ವಹಣಾ ಘಟಕಗಳಲ್ಲಿಯೂ ಇದೇ ಸಮಸ್ಯೆಯುಂಟು. ಅವುಗಳ ಸಂರಚನೆಯಲ್ಲಿ ಮೌಸ್ ವಿಧಾನವನ್ನು ಸಾಪೇಕ್ಷ ಅಥವಾ ನಿರಪೇಕ್ಷ ಎಂದು ಆರಿಸುವ ಅವಕಾಶ ಹಲವೆಡೆ ಇರುತ್ತದೆ.

ಸೆರೆಯಾದ ಅಥವಾ ಕಾಣೆಯಾದ ಸೂಚಕ

ಸಾಪೇಕ್ಷ ವಿಧಾನದಲ್ಲಿ ಕನ್ಸೋಲ್ ಕಿಟಕಿಯು ಮೌಸನ್ನು ಹಿಡಿದಿಟ್ಟುಕೊಳ್ಳುತ್ತದೆ. ಅದನ್ನು ಬಿಡಿಸುವ ಕೀಲಿಗಳು ಒಂದೊಂದು ಉತ್ಪನ್ನದಲ್ಲಿ ಒಂದೊಂದು. ವಿಎಂವೇರ್‌ನಲ್ಲಿ ಕಂಟ್ರೋಲ್ ಮತ್ತು ಆಲ್ಟ್, ಕ್ಯೂಇಎಂಯುವಿನ ಸ್ವಂತ ಕಿಟಕಿಯಲ್ಲಿ ಅವೆರಡರೊಂದಿಗೆ ಜಿ, ಹೈಪರ್-ವಿಯಲ್ಲಿ ಅವೆರಡರೊಂದಿಗೆ ಎಡಬಾಣ, ವಿಂಡೋಸ್ ಅಥವಾ ಲಿನಕ್ಸ್ ಆತಿಥೇಯದ ವರ್ಚುವಲ್‌ಬಾಕ್ಸ್‌ನಲ್ಲಿ ಬಲಬದಿಯ ಕಂಟ್ರೋಲ್ ಕೀಲಿ. ಬಲ ಕಂಟ್ರೋಲ್ ಇಲ್ಲದ ಲ್ಯಾಪ್‌ಟಾಪ್‌ಗಳಲ್ಲಿ ವರ್ಚುವಲ್‌ಬಾಕ್ಸ್‌ನ ಆತಿಥೇಯ ಕೀಲಿಯನ್ನು ಮುಂಚೆಯೇ ಬದಲಿಸಿಕೊಳ್ಳುವುದು ಒಳ್ಳೆಯದು.

ಎರಡು ಸೂಚಕಗಳು ಸರಿಯಾಗಿ ಒಂದರ ಮೇಲೊಂದು ಕುಳಿತಿದ್ದರೆ ಅದು ದೋಷವೇ ಅಲ್ಲ. ಒಂದನ್ನು ಬಳಕೆದಾರನ ಗಣಕ, ಇನ್ನೊಂದನ್ನು ಅತಿಥಿ ಬಿಡಿಸುತ್ತಿರುತ್ತದೆ. ವಿಎನ್‌ಸಿಯ ಒಂದು ವಿಸ್ತರಣೆಯು ಸೂಚಕದ ಆಕಾರವನ್ನಷ್ಟೇ ಕಳುಹಿಸಿ, ಬಿಡಿಸುವ ಕೆಲಸವನ್ನು ಬಳಕೆದಾರನ ಕಡೆಗೆ ಬಿಡುತ್ತದೆ. ಆಕಾರ ಖಾಲಿಯಾಗಿ ಬಂದರೆ ಸೂಚಕ ಮಾಯವಾಗುತ್ತದೆ. ಇದಕ್ಕಾಗಿಯೇ ಕೆಲವು ವೀಕ್ಷಕ ತಂತ್ರಾಂಶಗಳಲ್ಲಿ ಸೂಚಕವಿಲ್ಲದಾಗ ಒಂದು ಚುಕ್ಕೆ ತೋರಿಸುವ ಆಯ್ಕೆಯಿದೆ.

ಪರದೆಯ ತೊಂದರೆಗಳು

ರೆಸಲ್ಯೂಶನ್ ಹೆಚ್ಚಿಸಲಾಗದಿರುವುದಕ್ಕೆ ಒಂದು ಕಾರಣ ಸರಳ ಲೆಕ್ಕದಲ್ಲಿದೆ. ಪ್ರತಿ ಪಿಕ್ಸೆಲ್‌ಗೆ 4 ಬೈಟ್‌ನಂತೆ 1024×768ರ ಪರದೆಗೆ 3 ಮೆಗಾಬೈಟ್, 1280×1024ಕ್ಕೆ 5 ಮೆಗಾಬೈಟ್, 1920×1080ಕ್ಕೆ ಸುಮಾರು 8 ಮೆಗಾಬೈಟ್ ಚಿತ್ರಸ್ಮೃತಿ ಬೇಕು. ಕ್ಯೂಇಎಂಯು ಬಹುಕಾಲ ಪೂರ್ವನಿಯೋಜಿತವಾಗಿ ಬಳಸಿದ ಸಿರಸ್ ಚಿತ್ರ ಕಾರ್ಡ್‌ನಲ್ಲಿ ಇದ್ದುದು 4 ಮೆಗಾಬೈಟ್. ಅಂದರೆ ಪೂರ್ಣ ಬಣ್ಣದಲ್ಲಿ 1280×1024 ಅದರೊಳಗೆ ಹಿಡಿಸುವುದೇ ಇಲ್ಲ. 2014ರ ಕೊನೆಯಲ್ಲಿ ಬಂದ 2.2ನೇ ಆವೃತ್ತಿಯಿಂದ 16 ಮೆಗಾಬೈಟ್‌ನ ಸ್ಟ್ಯಾಂಡರ್ಡ್ ವಿಜಿಎ ಪೂರ್ವನಿಯೋಜಿತವಾಯಿತು. ಹಳೆಯ ಸಂರಚನೆಯನ್ನೇ ಮುಂದುವರಿಸಿಕೊಂಡು ಬಂದ ಯಂತ್ರಗಳಲ್ಲಿ ಸಿರಸ್ ಇನ್ನೂ ಉಳಿದಿರಬಹುದು. ಹಾಗಿದ್ದರೆ ಕಾರ್ಡನ್ನು ಬದಲಿಸುವುದೇ ಮದ್ದು. 3840×2160ರ ಪರದೆಗೆ 16 ಮೆಗಾಬೈಟ್ ಕೂಡ ಸಾಲದು, ಚಿತ್ರಸ್ಮೃತಿಯನ್ನು ಹೆಚ್ಚಿಸಬೇಕು.

ಸ್ಮೃತಿ ಸಾಕಷ್ಟಿದ್ದೂ ಆಯ್ಕೆಗಳು ಕಾಣದಿದ್ದರೆ ಅತಿಥಿಯಲ್ಲಿ ಚಾಲಕವಿಲ್ಲ ಎಂದರ್ಥ. ಕಿಟಕಿಯ ಗಾತ್ರಕ್ಕೆ ತಕ್ಕಂತೆ ಪರದೆ ತಾನಾಗಿ ಬದಲಾಗುವುದು ಮೇಲೆ ಹೇಳಿದ ಪೂರಕ ತಂತ್ರಾಂಶಗಳ ಅಥವಾ ಏಜೆಂಟ್‌ಗಳ ಕೆಲಸ. ಹೈಪರ್-ವಿಯ ಲಿನಕ್ಸ್ ಅತಿಥಿಗಳಲ್ಲಿ ಹೈಪರ್-ವಿ ಫ್ರೇಮ್‌ಬಫರ್ ಚಾಲಕಕ್ಕೆ ಬೇಕಾದ ರೆಸಲ್ಯೂಶನ್ನನ್ನು ಕರ್ನಲ್ ಆದೇಶಸಾಲಿನಲ್ಲಿ ತಿಳಿಸುವುದು ರೂಢಿ.

ಕಪ್ಪು ಪರದೆ ಕಂಡಾಗ ಮೊದಲು ಒಂದು ಶಿಫ್ಟ್ ಕೀಲಿ ಒತ್ತಿ ನೋಡಬೇಕು. ಹಳೆಯ ಲಿನಕ್ಸ್ ಕರ್ನಲ್‌ಗಳು 10 ನಿಮಿಷ ಯಾರೂ ಮುಟ್ಟದಿದ್ದರೆ ಪಠ್ಯ ಕನ್ಸೋಲನ್ನು ಕಪ್ಪಾಗಿಸುತ್ತಿದ್ದವು. ಯಂತ್ರ ಸತ್ತಿತೆಂದು ಬಗೆದು ಬಲವಂತವಾಗಿ ನಿಲ್ಲಿಸಿದರೆ ಕಡತಗಳಿಗೆ ಹಾನಿಯಾಗಬಹುದು. ಬೂಟ್ ಸಂದೇಶಗಳು ಕಂಡು, ಡೆಸ್ಕ್‌ಟಾಪ್ ಬರುವ ಹೊತ್ತಿಗೆ ಕಪ್ಪಾದರೆ ಚಿತ್ರ ಚಾಲಕವನ್ನು ಶಂಕಿಸಬೇಕು. ಬೂಟ್ ಪಟ್ಟಿಯಲ್ಲಿ ಕರ್ನಲ್ ಸಾಲಿಗೆ ‘ನೋಮೋಡ್‌ಸೆಟ್’ ಎಂಬ ಪದವನ್ನು ಸೇರಿಸಿ ಒಮ್ಮೆ ಒಳಹೊಕ್ಕು ಸರಿಪಡಿಸಬಹುದು. ಅತಿಥಿಯು ಪರದೆಯನ್ನು ಇನ್ನೂ ಆರಂಭಿಸಿಲ್ಲ ಎಂಬ ಅರ್ಥದ ಸಂದೇಶ ಬಹಳ ಹೊತ್ತು ನಿಂತರೆ, ಫರ್ಮ್‌ವೇರ್ ಬಗೆ ತಪ್ಪಾಗಿರುವುದನ್ನು ಅಥವಾ ಅತಿಥಿಯು ಸೀರಿಯಲ್ ಕನ್ಸೋಲ್‌ಗೆ ಮಾತ್ರ ಬರೆಯುತ್ತಿರುವುದನ್ನು ಪರೀಕ್ಷಿಸಬೇಕು.

ಕನ್ನಡ ಲಿಪಿ ಮತ್ತು ಕನ್ಸೋಲ್

ಲಿನಕ್ಸ್‌ನ ಪಠ್ಯ ಕನ್ಸೋಲ್‌ನಲ್ಲಿ ಕನ್ನಡ ಹೆಸರಿನ ಕಡತಗಳು ಚೌಕಗಳಾಗಿ ಅಥವಾ ಪ್ರಶ್ನಾರ್ಥಕಗಳಾಗಿ ಕಾಣುವುದು ದೂರ ಸಂಪರ್ಕದ ದೋಷವಲ್ಲ. ಆ ಕನ್ಸೋಲ್‌ನ ಅಕ್ಷರಶೈಲಿಯಲ್ಲಿ ಹೆಚ್ಚೆಂದರೆ 512 ಆಕೃತಿಗಳಿಗೆ ಜಾಗವಿದೆ, ಒತ್ತಕ್ಷರ ಮತ್ತು ಕಾಗುಣಿತಗಳನ್ನು ಜೋಡಿಸುವ ವ್ಯವಸ್ಥೆಯೂ ಅಲ್ಲಿಲ್ಲ. ಅದೇ ಯಂತ್ರಕ್ಕೆ ಎಸ್‌ಎಸ್‌ಎಚ್ ಮೂಲಕ, ಕನ್ನಡವನ್ನು ಸರಿಯಾಗಿ ತೋರಿಸುವ ಟರ್ಮಿನಲ್‌ನಿಂದ ಹೋದರೆ ಹೆಸರುಗಳು ಓದಲು ಸಿಗುತ್ತವೆ, ಕಡತಗಳು ಕೆಟ್ಟಿರುವುದಿಲ್ಲ.

ಬೆರಳಚ್ಚಿನ ಕಡೆಯೂ ಇಂತಹದೇ ಒಂದು ತೊಡಕಿದೆ. ಬಳಕೆದಾರನ ಗಣಕದಲ್ಲಿ ಕನ್ನಡ ಕೀಲಿಮಣೆ ವಿನ್ಯಾಸ ಸಕ್ರಿಯವಾಗಿದ್ದಾಗ ವಿಎನ್‌ಸಿಯು ಕೀಲಿಯ ಜಾಗದ ಬದಲು ಅಕ್ಷರದ ಸಂಕೇತವನ್ನೇ ಕಳುಹಿಸಬಹುದು. ಎಮ್ಯುಲೇಟರ್‌ನ ಇಂಗ್ಲಿಷ್ ಕೀಲಿ ನಕ್ಷೆಯಲ್ಲಿ ‘ಕ’ ಎಂಬುದಕ್ಕೆ ಯಾವ ಕೀಲಿಯೂ ಇಲ್ಲದ ಕಾರಣ ಒತ್ತಿದ್ದು ಬಿದ್ದುಹೋಗುತ್ತದೆ. ಕನ್ಸೋಲ್ ನಿಷ್ಕ್ರಿಯವಾಗಿದೆ ಎಂದು ತೋರುವುದುಂಟು. ಬಳಕೆದಾರನ ಗಣಕವನ್ನು ಇಂಗ್ಲಿಷ್ ವಿನ್ಯಾಸದಲ್ಲಿಯೇ ಇಟ್ಟು ಕನ್ನಡ ವಿನ್ಯಾಸವನ್ನು ಅತಿಥಿಯೊಳಗೆ ಸಕ್ರಿಯಗೊಳಿಸಿದರೆ ಎರಡೂ ಭಾಷೆಗಳಲ್ಲಿ ಬರೆಯಬಹುದು.

ಮೌಸ್ ಇಲ್ಲದೆ ಕೆಲಸ

ಸೂಚಕವನ್ನು ನಂಬಲಾಗದ ಸ್ಥಿತಿಯಲ್ಲಿ ಅಪಾಯದ ಗುಂಡಿಗಳನ್ನು ಕೀಲಿಮಣೆಯಿಂದ ಒತ್ತುವುದು ಸುರಕ್ಷಿತ. ಟ್ಯಾಬ್ ಕೀಲಿಯಿಂದ ಗುಂಡಿಯಿಂದ ಗುಂಡಿಗೆ ಸಾಗಿದರೆ ಆಯ್ಕೆಯಾದ ಗುಂಡಿಯ ಸುತ್ತ ಗೆರೆ ಕಾಣುತ್ತದೆ, ಅದನ್ನು ನೋಡಿಕೊಂಡು ಸ್ಪೇಸ್ ಒತ್ತಬಹುದು. ವಿಂಡೋಸ್‌ನಲ್ಲಿ ಎಡ ಆಲ್ಟ್, ಎಡ ಶಿಫ್ಟ್ ಮತ್ತು ನಮ್ ಲಾಕ್ ಒಟ್ಟಿಗೆ ಒತ್ತಿದರೆ ಅಂಕಿಗಳ ಕೀಲಿಗಳಿಂದಲೇ ಸೂಚಕವನ್ನು ನಡೆಸುವ ಮೌಸ್ ಕೀಸ್ ಸೌಲಭ್ಯ ತೆರೆಯುತ್ತದೆ. ಈ ಚಲನೆ ಅತಿಥಿಯೊಳಗೇ ನಡೆಯುವುದರಿಂದ ಅದಕ್ಕೆ ಸಾಪೇಕ್ಷ ದೋಷ ತಾಗುವುದಿಲ್ಲ. ಕಂಟ್ರೋಲ್, ಆಲ್ಟ್ ಮತ್ತು ಡಿಲೀಟ್ ಸಂಯೋಜನೆಯನ್ನು ಬಳಕೆದಾರನ ವಿಂಡೋಸ್ ಗಣಕವೇ ಕಸಿದುಕೊಳ್ಳುವ ಕಾರಣ ಅದನ್ನು ಕನ್ಸೋಲ್‌ನ ಪಟ್ಟಿಯಿಂದ ಕಳುಹಿಸಬೇಕು. ಲಿನಕ್ಸ್ ಅತಿಥಿಗಳಲ್ಲಿ ಕಂಟ್ರೋಲ್ ಮತ್ತು ಆಲ್ಟ್‌ನೊಂದಿಗೆ ಎಫ್3 ಕಳುಹಿಸಿದರೆ ಸಾಮಾನ್ಯವಾಗಿ ಪಠ್ಯ ಕನ್ಸೋಲ್ ಸಿಗುತ್ತದೆ. ಕರ್ನಲ್ ಸಾಲಿನಲ್ಲಿ ಮುಂಚೆಯೇ ಸೀರಿಯಲ್ ಕನ್ಸೋಲನ್ನು ಸಕ್ರಿಯಗೊಳಿಸಿಟ್ಟಿದ್ದರೆ ಚಿತ್ರಪರದೆಯೂ ಸೂಚಕವೂ ಇಲ್ಲದೆ ಒಳಹೊಕ್ಕು ಜಾಲವನ್ನು ಸರಿಪಡಿಸಬಹುದು.